ಬಣವೆ ಸುಟ್ಟ ಸಂಜೆ

ಮುರಗೋಡ,
ಸಾಧಾರಣ ನಾಮ ಸಂವತ್ಸರ, ಮಾಘ ಬಹುಳ ಪಂಚಮಿ, ಶನಿವಾರ
ತಾ. ೧೮ ಫೆಬ್ರುವರಿ ೧೯೧೧

ಕಿತ್ತೂರಿನ ಮನೆ ಬೆಳಗುತ್ತಿರುವ ನನ್ನ ಮಗಳು ಚಿ. ಸೌ. ರಾಚವ್ವಳಿಗೆ ನಿನ್ನ ಅವ್ವ ಸಿದ್ದಲಿಂಗವ್ವ ತಲೆ ನೇವರಿಸಿ ಬರೆಯುವುದೇನೆಂದರೆ,

ಇಲ್ಲಿ ಎಲ್ಲರ ಮೈ ನೆಟ್ಟಗಿದೆ. ಮನಸ್ಸಿನ ಮಾತು ಮುಂದೆ ಬರೆಯುತ್ತೇನೆ. ಈ ಪತ್ರವನ್ನು ಬೀಗರು ಮೊದಲು ಓದಿ ಆಮೇಲೆ ನಿನ್ನ ಕೈಗೆ ಕೊಡುವರೆಂದು ಗೊತ್ತು. ಓದಲಿ. ಊರಿಗೆಲ್ಲ ತಿಳಿದದ್ದನ್ನು ಅವರಿಂದ ಮುಚ್ಚಿಡುವುದೇನು?

ದೀಪಾವಳಿಯ ಹೊತ್ತಿಗೆ ನೀನು ಬರೆದಾಗ, ಲಕ್ಕಪ್ಪನ ಹೊಲವನ್ನು ಈಗ ಯಾರು ಮಾಡುತ್ತಾರೆ ಎಂದು ಕೇಳಿದ್ದೆ. ಅದಕ್ಕೂ ಮುಂಚೆ ಎರಡು ಸಲ ಕೇಳಿದ್ದೆ. ನಾನು ಎಮ್ಮೆ ಈದದ್ದು, ಶಾವಿಗೆ ಹೊಸೆದದ್ದು ಬರೆದು ಸುಮ್ಮನಾದೆ. ಇವತ್ತು ಉತ್ತರ ಬರೆಯುತ್ತೇನೆ. ನಿನಗೆ ಗೊತ್ತಿದ್ದದ್ದೂ ಇದರಲ್ಲಿ ಬರುತ್ತದೆ. ಬೀಗರಿಗೆ ತಿಳಿಯಲೆಂದು ಮೊದಲಿನಿಂದಲೇ ಹೇಳಬೇಕು.

ಹಳ್ಳದ ದಂಡೆಯ ನಮ್ಮ ಎರೆಹೊಲವನ್ನು ಲಕ್ಕಪ್ಪನ ಅಜ್ಜನ ಕಾಲದಿಂದ ಅವರ ಮನೆಯವರೇ ಲಾವಣಿಗೆ ಮಾಡುತ್ತಿದ್ದರು. ಬೆಳೆದದ್ದರಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಅವರ ಮನೆಯೂ ನಮ್ಮ ಜಾಗದಲ್ಲೇ ಇತ್ತು. ಲಕ್ಕಪ್ಪನ ತಾಯಿ ಮುದಕವ್ವ ಊರಿನ ಸೂಲಗಿತ್ತಿ. ನೀನು ಹುಟ್ಟಿದ್ದು ಆಕೆಯ ಕೈಯಲ್ಲಿ. ಹುಟ್ಟಿದಾಗ ನೀನು ಅಳಲಿಲ್ಲವೆಂದು ನಾನು ಹೆದರಿದರೆ, ಆಕೆ ನಿನ್ನನ್ನು ತಲೆಕೆಳಗೆ ಹಿಡಿದು ಬೆನ್ನಿಗೆ ಬಡಿದು ಅಳಿಸಿ, ನಗುತ್ತ ನನ್ನ ಮಗ್ಗುಲಿಗೆ ಹಾಕಿದ್ದಳು.

ಮೂರು ವರ್ಷದ ಹಿಂದೆ ಸುಗ್ಗಿಯಲ್ಲಿ ನಿಮ್ಮಪ್ಪನವರು ಜೋಳದ ಜೊತೆಗೆ ಮೇವನ್ನೂ ಪೂರಾ ನಮ್ಮ ಕಣಕ್ಕೆ ಹೊಡೆಸಿದರು. ನಮ್ಮ ದನ ಹೆಚ್ಚಿವೆ ಎಂದು ಅವರ ಮಾತು. ನಮ್ಮ ಎತ್ತು ಏನು ತಿನ್ನಬೇಕು ಎಂದು ಲಕ್ಕಪ್ಪನ ಮಾತು. ಕಣದಲ್ಲಿ ಹತ್ತು ಮಂದಿಯ ಎದುರು ಅವನು ಸಿಟ್ಟಿನಲ್ಲಿ, ಈ ಮೇವು ನಿಮಗೂ ದಕ್ಕುವುದಿಲ್ಲ ಎಂದು ಅಂದುಬಿಟ್ಟ. ಅದೇ ಸಂಜೆ, ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಬಣವೆ ಹೊತ್ತಿ ಉರಿಯಿತು.

ಯಾರನ್ನೂ ಏನನ್ನೂ ಕೇಳುವ ಕೆಲಸವಿರಲಿಲ್ಲ. ಬೆಳಗಾಗುವುದರೊಳಗೆ ಲಕ್ಕಪ್ಪನ ಕೈಗೆ ಹಗ್ಗ ಬಿದ್ದಿತ್ತು. ನಮ್ಮ ಆಳು ಪರಸಪ್ಪ, ತಾನು ಕಣ್ಣಾರೆ ಕಂಡೆನೆಂದು ಸಾಕ್ಷಿ ನುಡಿದ. ಆರು ತಿಂಗಳ ಶಿಕ್ಷೆಯಾಯಿತು. ಅವನು ತುರಂಗದಲ್ಲಿರುವಾಗಲೇ ನಿಮ್ಮಪ್ಪನವರು ಹೊಲ ಬಿಡಿಸಿಕೊಂಡರು, ಅವನ ಮನೆಯ ಮೇಲಿನ ತೊಲೆ ಕೀಳಿಸಿದರು. ಅವನ ಹೆಂಡತಿ ಸತ್ಯವ್ವ ಮಕ್ಕಳನ್ನೂ ಅತ್ತೆಯನ್ನೂ ಗಾಡಿಯಲ್ಲಿ ಕೂರಿಸಿಕೊಂಡು ರಾಮದುರ್ಗದ ಕಡೆ ಸಾಲಹಳ್ಳಿಯ ತನ್ನ ತವರಿಗೆ ಹೋದಳು. ನಾನು ಪಡಸಾಲೆಯ ಕಂಬಕ್ಕೆ ಒರಗಿ ನಿಂತು ನೋಡಿದೆ. ಮುದಕವ್ವ ಗಾಡಿಯಿಂದ ನನ್ನ ಕಡೆ ಕೈ ಎತ್ತಿದಳು. ನಾನು ಒಳಗೆ ಹೋದೆ.

ಆಮೇಲೆ ಆ ಹೊಲಕ್ಕೆ ಊರಿನ ಯಾವ ರೈತನೂ ಕೂರಿಗೆ ಹೂಡಲಿಲ್ಲ. ಒಬ್ಬನಿಗೆ ಸೊಂಟ ನೋವು, ಇನ್ನೊಬ್ಬನಿಗೆ ಎತ್ತು ಇಲ್ಲ. ಜಗಳವಾಡಿದವರು ಒಬ್ಬರೂ ಇಲ್ಲ. ಎರಡು ವರ್ಷ ಎರೆಹೊಲದಲ್ಲಿ ಕರಿಕೆ ಹುಲ್ಲು ಹಬ್ಬಿತು. ನಿಮ್ಮಪ್ಪನವರು ರೇಗಿ, ಹೊರಗಿನ ಜನರನ್ನು ತಂದು ಉಳುಮೆ ಮಾಡಿಸುತ್ತೇನೆ, ಅಡ್ಡ ಬಂದವರನ್ನು ಕೋರ್ಟಿಗೆ ಎಳೆಯುತ್ತೇನೆ ಎಂದು ಬೈಲಹೊಂಗಲದ ವಕೀಲರ ಮನೆಗೆ ಓಡಾಡತೊಡಗಿದರು. ಆಗ ಮಠದ ಅಜ್ಜಾರು ಹೇಳಿಕಳಿಸಿದರು: ವಕೀಲರಲ್ಲಿಗೆ ಹೋಗುವ ಮೊದಲು ಮೂರು ಸೋಮವಾರ ನನ್ನ ಎದುರು ಕೂಡಬೇಕು, ಲಕ್ಕಪ್ಪನನ್ನೂ ಕರೆಸುತ್ತೇನೆ, ಎರಡೂ ಮನೆಯ ಹೆಣ್ಣುಮಕ್ಕಳೂ ಬರಬೇಕು.

ಮೊದಲ ಸೋಮವಾರ ಅಜ್ಜಾರು ಹೇಳಿದ ಮಾತು ಇದು.

"ತಪ್ಪು ಯಾರದು ಅಂತ ಕೋರ್ಟಿನಾಗ ಕೇಳ್ಯಾರ. ನಾ ಅದನ್ನ ಕೇಳೂದಿಲ್ಲ. ಯಾರಿಗೆ ಏನು ನೋವಾಗೇತಿ ಹೇಳ್ರಿ. ಅದನ್ನ ಯಾರು, ಹೆಂಗ ತುಂಬಿ ಕೊಡತೀರಿ, ಅದನ್ನೂ ನೀವs ಹೇಳ್ರಿ. ಒಬ್ಬರು ಮಾತಾಡೂ ಮುಂದ ಇನ್ನೊಬ್ಬರು ಬಾಯಿ ಹಾಕಬ್ಯಾಡ್ರಿ."

ಆ ದಿನ ನಿಮ್ಮಪ್ಪನವರು ಸುಟ್ಟ ಮೇವಿನ ಮಾತನ್ನೇ ಆಡಿದರು. ಲಕ್ಕಪ್ಪ ನೆಲ ನೋಡುತ್ತ ಕುಳಿತಿದ್ದ. ಎರಡನೆಯ ಸೋಮವಾರ ಅವನು, ಕಣದಲ್ಲಿ ಅಂಥ ಮಾತು ಆಡಬಾರದಿತ್ತು, ಆಡಿದೆ, ಆದರೆ ಬೆಂಕಿ ನನ್ನದಲ್ಲ ಎಂದಷ್ಟೇ ಹೇಳಿ ಎದ್ದುಹೋದ. ಏನೂ ಆಗುವುದಿಲ್ಲವೆಂದು ಎಲ್ಲರೂ ತಿಳಿದರು. ನನಗೆ ಅದರಿಂದ ಸಮಾಧಾನವೇ ಆಗಿತ್ತೆಂದು ಬರೆಯಲು ನಾಚಿಕೆಯಾಗುತ್ತದೆ.

ಮೂರನೆಯ ಸಲ ಅಜ್ಜಾರು ಸತ್ಯವ್ವನ ಕಡೆ ತಿರುಗಿದರು. ಆಕೆ ಸೆರಗು ಹಿಂಡುತ್ತ ಹೇಳಿದಳು.

"ನಮ್ಮತ್ತಿ ಸಾಯೂ ಮುಂದ ಹೊಲದ ಹೆಸರು ತಗೀಲಿಲ್ಲರಿ, ಮನಿ ಹೆಸರು ತಗೀಲಿಲ್ಲ. ನನ್ನ ಮಗಾ ಬೆಂಕಿ ಹಚ್ಚಿದನೇನ ಅಂತ ಕೇಳಿದ್ಲು. ಇಲ್ಲತ್ತಿ ಅಂದೆ. ಹಂಗಂದ್ರ ಸರಕಾರ ಯಾಕ ಹಿಡಕೊಂಡು ಹೋತು ಅಂದ್ಲು. ಇವರು ಬಿಡುಗಡಿ ಆಗಿ ಬರೂದ್ರಾಗ ಜೀವ ಬಿಟ್ಲು. ಮಗಾ ಅಂಥಾಂವ ಅಂತ ತಿಳಕೊಂಡs ಹ್ವಾದ್ಲು."

ಲಕ್ಕಪ್ಪನಿಗೆ ಈ ಮಾತು ಗೊತ್ತಿರಲಿಲ್ಲ. ಹೆಂಡತಿಯ ಮುಖ ನೋಡಿದ. ಗಂಡಸು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ, ಸದ್ದೇ ಇರಲಿಲ್ಲ.

ನಾನು ಎದ್ದು ನಿಂತೆ. ಬೆಕ್ಕು ಬಣವೆಯ ಸಂದಿನಲ್ಲಿ ಮರಿ ಹಾಕಿತ್ತು, ನೋಡಲು ಕೈದೀಪ ಹಿಡಿದು ಹೋಗಿದ್ದೆ, ದೀಪ ಉರುಳಿತು, ಹೆದರಿ ಓಡಿಬಂದೆ, ಬಾಯಿ ಬಿಡಲಿಲ್ಲ, ಇಷ್ಟನ್ನು ಹೇಳಿದೆ. ನಿಮ್ಮಪ್ಪನವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಅವರೂ, ಪರಸಪ್ಪ ಏನನ್ನೂ ಕಂಡಿರಲಿಲ್ಲ, ನಾನೇ ಹೇಳಿಸಿದೆ ಎಂದು ಮೆಲ್ಲಗೆ ಹೇಳಿದರು. ಅದು ನನಗೂ ಅಂದೇ ಗೊತ್ತಾಯಿತು.

ಏನು ಬೇಕೆಂದು ಅಜ್ಜಾರು ಲಕ್ಕಪ್ಪನನ್ನು ಕೇಳಿದರು. ಹೊಲ ಕೇಳುತ್ತಾನೆ ಎಂದುಕೊಂಡಿದ್ದೆವು.

"ಧಣ್ಯಾರ, ಈಗ ಹೇಳಿದ್ದನ್ನ ನಮ್ಮವ್ವನ ಮುಂದ ಬಂದು ಹೇಳ್ರಿ" ಎಂದ.

ಮೊನ್ನೆ ಬುಧವಾರ ನಾವಿಬ್ಬರೂ ಗಾಡಿ ಕಟ್ಟಿಸಿಕೊಂಡು ಸಾಲಹಳ್ಳಿಗೆ ಹೋದೆವು. ಊರ ಹೊರಗೆ ಆಕೆಯನ್ನು ಹೂಳಿದ ಮಣ್ಣಿನ ದಿಬ್ಬದ ಮುಂದೆ ನಿಮ್ಮಪ್ಪನವರು ಕೆರವು ಕಳೆದು ನಿಂತು, ಮುದಕವ್ವ, ನಿನ್ನ ಮಗ ಬೆಂಕಿ ಹಚ್ಚಲಿಲ್ಲ ಎಂದು ಆ ಊರಿನವರಿಗೆಲ್ಲ ಕೇಳುವಂತೆ ಹೇಳಿದರು. ನಾನೂ ಹೇಳಿದೆ. ಯಾರಿಗೆ ಹೇಳಿದೆವೋ ಅವಳಿಗೆ ಕೇಳಿಸಲಿಲ್ಲ, ರಾಚವ್ವ. ಹೊಲ ಮತ್ತೆ ಲಕ್ಕಪ್ಪನ ಸ್ವಾಧೀನ. ಅವನೂ ಅವನ ಮಕ್ಕಳೂ ಇರುವತನಕ ಬಿಡಿಸುವುದಿಲ್ಲವೆಂದು, ಮೇವು ಪೂರಾ ಉತ್ತವನದೆಂದು ಕಾಗದವಾಗಿದೆ. ಕಿತ್ತ ತೊಲೆಗಳನ್ನು ನಮ್ಮ ಮನೆಯವರೇ ಏರಿಸುತ್ತಿದ್ದಾರೆ. ಪರಸಪ್ಪ ಮಣ್ಣು ಕಲಸುತ್ತಿದ್ದಾನೆ. ಲಕ್ಕಪ್ಪ ಕೆಲಸ ನೋಡಲು ಬರುತ್ತಾನೆ, ನಮ್ಮ ಅಂಗಳಕ್ಕೆ ಕಾಲಿಡುವುದಿಲ್ಲ. ಮೊದಲು ದೂರದಿಂದಲೇ ಅವ್ವಾರ ಎಂದು ಕೂಗುತ್ತಿದ್ದವನು ಈಗ ನನ್ನನ್ನು ಕಂಡರೆ ದಾರಿ ನೋಡುತ್ತ ಹೋಗುತ್ತಾನೆ. ಅವನಿಗೆ ಆ ಹಕ್ಕಿದೆ.

ಸಾಲಹಳ್ಳಿಯಿಂದ ಬರುವಾಗ ನಿಮ್ಮಪ್ಪನವರು ಒಂದೇ ಮಾತು ಆಡಿದರು. ನೀನು ಅವತ್ತೇ ಹೇಳಿದ್ದರೆ ನಾನು ಏನು ಮಾಡುತ್ತಿದ್ದೆನೋ ನನಗೂ ಗೊತ್ತಿಲ್ಲ ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ನನ್ನೊಡನೆ ಹೀಗೆ ಮಾತಾಡಿದ್ದು ಮೊದಲು.

ಅತ್ತೆಮಾವನವರಿಗೆ ನನ್ನ ಶರಣು ಹೇಳು. ಇಂಥ ತಾಯಿಯ ಮಗಳೆಂದು ನಿನ್ನನ್ನು ಹಗುರವಾಗಿ ಕಾಣಬಾರದೆಂದು ನಾನು ಕೈಮುಗಿದು ಕೇಳಿದ್ದೇನೆಂದೂ ಹೇಳು.

ನಿನ್ನ ಅವ್ವ,
ಸಿದ್ದಲಿಂಗವ್ವ

ತಾ. ಕ.: ಈ ಚೀಟಿ ಬೇರೆ. ಪತ್ರವನ್ನು ಟಪಾಲಿಗೆ ಹಾಕಿದೆ. ಇದನ್ನು ನಿನಗೆ ಕಳಿಸಿದ ಖಣದ ಮಡಿಕೆಯಲ್ಲಿಟ್ಟು ಬಳೆಗಾರ್ತಿ ಬೀರವ್ವನ ಕೈಯಲ್ಲಿ ಕೊಟ್ಟಿದ್ದೇನೆ. ನೀನೊಬ್ಬಳೇ ಓದು.

ದೀಪ ಹಿಡಿದವಳು ನಾನೆಂದು ಮಠದಲ್ಲಿ ಹೇಳಿದೆ. ನಿಮ್ಮಪ್ಪನವರೂ ಹಾಗೆಯೇ ನಂಬಿದ್ದಾರೆ. ನಿನಗೆ ಆಗ ಹನ್ನೆರಡು ವರ್ಷ. ಉಟ್ಟ ಪರಕಾರದ ಅಂಚು ಸುಟ್ಟುಕೊಂಡು ಓಡಿಬಂದು, ಅಪ್ಪಗೆ ಹೇಳತೇನಿ, ಬೆಕ್ಕಿನ ಮರಿಯೂ ಸತ್ತವು ಎಂದು ನೀನು ಅಳುತ್ತಿದ್ದೆ. ನಿನ್ನ ಬಾಯಿಗೆ ಕೈ ಒತ್ತಿದವಳು ನಾನು. ಮದುವೆ ನಿಶ್ಚಯವಾಗಿತ್ತು, ಕಿತ್ತೂರಿನವರು ಏನೆಂದಾರೋ ಎಂಬ ಭಯ. ಬೆಂಕಿ ನಿನ್ನ ಕೈ ತಪ್ಪಿ ಆದದ್ದು, ಉಳಿದದ್ದೆಲ್ಲ ನನ್ನಿಂದ ಆದದ್ದು. ಆದ್ದರಿಂದ ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂದು ನಿನ್ನೆಯತನಕ ಸಮಾಧಾನ ಮಾಡಿಕೊಂಡಿದ್ದೆ.

ನಿನ್ನೆ ಸತ್ಯವ್ವ ಹಿತ್ತಲಿಗೆ ಬಂದಿದ್ದಳು. ಆ ಸಂಜೆ ಬಾವಿಗೆ ಬಂದಾಗ ನೀನು ಓಡಿದ್ದನ್ನು ಕಂಡಿದ್ದಳಂತೆ. ಗಂಡನನ್ನು ಹಿಡಿದುಕೊಂಡು ಹೋಗುವಾಗ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಯಾರು ನಂಬತಿದ್ರು ಅವ್ವಾರ? ನಮ್ಮತ್ತಿಗಾದ್ರೂ ಹೇಳೂನಂತ ಬಾಯಿ ಮಟಾ ಬಂದಿತ್ತು. ತನ್ನ ಕೈಯಾಗ ಹುಟ್ಟಿದ ಕೂಸು ಅಂತ ಆಕಿಗೆ ಭಾಳ ಜೀವ. ಹೇಳಲಿಲ್ಲ. ಅದು ನನಗ ಇನ್ನೂ ಸುಡತೈತಿ. ನೀವು ಹೇಳತೀರಿ ಅಂತ ಮೂರು ವರ್ಷ ದಾರಿ ನೋಡಿದ್ನಿ. ಹೇಳಿದ್ರಿ, ಖರೆ. ಅರ್ಧಾ ಹೇಳಿದ್ರಿ."

ಲಕ್ಕಪ್ಪನಿಗೆ ಆಕೆ ಇನ್ನೂ ಹೇಳಿಲ್ಲ, ಹೇಳುವವಳೂ ಅಲ್ಲ. ಹೋಗುವಾಗ, ರಾಚವ್ವ ಆರಾಮ ಅದಾಳೇನ್ರಿ ಎಂದು ಕೇಳಿದಳು.

ಯುಗಾದಿಗೆ ಬಾ, ಮಗಳೇ. ಈ ಸಲ ನಿನ್ನ ಬಾಯಿಗೆ ನಾನು ಕೈ ಒತ್ತುವುದಿಲ್ಲ.