ಲಾಭ ಏರಿದ ಕಂಪೆನಿಯ ಷೇರು ಇಳಿದದ್ದೇಕೆ?

ಬಸ್ ಕಂಪೆನಿಯ ಅಧ್ಯಕ್ಷರಿಗೆ ಪತ್ರಿಕೆಯ ಮೂಲಕ ಬಹಿರಂಗ ಪತ್ರ,

ಮಾನ್ಯರೇ, ನೀವೂ ನಿಮ್ಮ ನಿರ್ದೇಶಕ ಮಂಡಳಿಯವರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಆಲೆಟ್ಟಿಯಲ್ಲಿ ನನ್ನ ಅತ್ತಿಗೆ ದುಗ್ಗಮ್ಮ, ಈಶ್ವರಮಂಗಲದಲ್ಲಿ ಪೋಕರ್ ಬ್ಯಾರಿಗಳು, ಕಡಬದಲ್ಲಿ ತ್ಯಾಂಪಣ್ಣ, ಎಲ್ಲರೂ ಆರೋಗ್ಯ. ಇವರ ಕೈಯಲ್ಲೂ ನನ್ನ ಕೈಯಲ್ಲೂ ಇರುವ ನಿಮ್ಮ ಕಂಪೆನಿಯ ಷೇರಿಗೆ ಮಾತ್ರ ಮೈ ಸರಿಯಿಲ್ಲ. ಹತ್ತು ರೂಪಾಯಿಯದು ನಾಲ್ಕಕ್ಕೆ ಬಂದು ಮಲಗಿದೆ.

ಕಾಯಿಲೆ ಏನೆಂದು ತಿಳಿಯುತ್ತಿಲ್ಲ. 1959ರ ವರದಿಯಲ್ಲಿ ಲಾಭ ಏರಿತು ಎಂದಿರಿ. ಮರುವರ್ಷ ಇನ್ನೂ ಏರಿತು. ಈ ವರ್ಷದ್ದು "ಅತ್ಯಂತ ತೃಪ್ತಿಕರ". ವರದಿ ಇಂಗ್ಲಿಷಿನಲ್ಲಿದ್ದರೂ ಪದಕೋಶ ಹಿಡಿದು ಓದಿದ್ದೇನೆ. ಓದದೆಯೂ ತಿಳಿಯುವ ಮಾತು ಅದು: ಸುಳ್ಯದ ಬಸ್ಸಿನೊಳಗೆ ನಿಲ್ಲಲು ಜಾಗವಿಲ್ಲ, ಮೇಲೆ ಅಡಿಕೆ ಮೂಟೆಗೂ ಇಲ್ಲ. ಆದರೆ ಈ ಮೂರು ವರ್ಷ ಲಾಭದಲ್ಲಿ ನಮ್ಮ ಪಾಲಾದ ಡಿವಿಡೆಂಡ್ ನಮಗೆ ಇಲ್ಲ. ಲಾಭವನ್ನು ಹೊಸ ಬಸ್ಸಿಗೆ ಹಾಕಿದ್ದೇವೆ ಎನ್ನುತ್ತೀರಿ. ಸಂತೋಷ, ಹೊಸ ಬಸ್ಸುಗಳನ್ನು ನಾವೂ ನೋಡಿದ್ದೇವೆ. ಹಾಗಾದರೆ ಕಂಪೆನಿ ದೊಡ್ಡದಾಯಿತಲ್ಲವೇ? ದೊಡ್ಡದಾದ ಕಂಪೆನಿಯ ಪಾಲು ಸಣ್ಣದಾಗುವುದು ಯಾವ ಲೆಕ್ಕ?

ಕಳೆದ ವಾರ ಒಬ್ಬ ಷೇರು ದಲ್ಲಾಳಿ ಅತ್ತಿಗೆಯ ಷೇರು ಕೇಳಿಕೊಂಡು ಅವರ ಜಗಲಿಗೆ ಬಂದಿದ್ದ. ಮುದಿಪ್ರಾಯದಲ್ಲಿ ಎಮ್ಮೆ ನೋಡಿಕೊಳ್ಳಲಾಗದು, ಹಾಲಿನ ಹಣದ ಬದಲು ಡಿವಿಡೆಂಡ್ ಬರುತ್ತದೆ ಎಂದು ಹಾಲು ಕೊಡುವ ಎಮ್ಮೆ ಮಾರಿ ಅತ್ತಿಗೆ ಕೊಂಡ ಷೇರುಗಳು ಅವು.

"ಕೊಟ್ಟುಬಿಡಿ ದುಗ್ಗಮ್ಮಕ್ಕ. ಮುಂದಿನ ವಾರ ನಾನು ಬರುವಾಗ ನಾಲ್ಕು ರುಪಾಯಿಯೂ ಸಿಕ್ಕುದಿಲ್ಲ. ಈ ಷೇರು ಈಗ ಯಾರಿಗೂ ಬೇಡ."

"ಯಾರಿಗೂ ಬೇಡದ್ದು ನಿನಗೆ ಎಂತಕ್ಕೆ ಮಾರಾಯ?" ಎಂದೆ ನಾನು.

"ನನಗಲ್ಲ ಬೋಜಪ್ಪಣ್ಣ. ನಾನು ದೊಡ್ಡವರಿಗೆ ತೆಗೆದುಕೊಡುದು."

"ಯಾವ ದೊಡ್ಡವರು?"

"ಹೆಸರು ಹೇಳ್ಲಿಕ್ಕಿಲ್ಲ."

"ಹಾಗಾದ್ರೆ ಅವರಿಗೆ ಎಂತದೋ ಗೊತ್ತುಂಟು" ಎಂದರು ಅತ್ತಿಗೆ. "ದೊಡ್ಡವರು ಲುಕ್ಸಾನಿಗೆ ವ್ಯಾಪಾರ ಮಾಡುದು ನಾನು ಕಂಡದ್ದಿಲ್ಲ."

ಹಾಗೆಂದರೂ ಅವರಿಗೆ ಹೆದರಿಕೆ ಹೋಗಿಲ್ಲ. ಪೋಕರ್ ಬ್ಯಾರಿಗಳು ಹೆದರಿ ಅರ್ಧ ಕೊಟ್ಟಾಗಿದೆ.

ಮಾನ್ಯರೇ, ಡಿವಿಡೆಂಡ್ ನಿಂತರೆ ಬೆಲೆ ಇಳಿಯುತ್ತದೆ. ಇಳಿದರೆ ಇಲ್ಲದವರು ಮಾರುತ್ತಾರೆ, ಇದ್ದವರು ಕೊಳ್ಳುತ್ತಾರೆ. ಎಲ್ಲ ಕೊಂಡಾದ ಮರುವರ್ಷವೇ ಭರ್ಜರಿ ಡಿವಿಡೆಂಡ್ ಘೋಷಣೆಯಾದೀತೆಂದು ನನ್ನ ಹಾಳು ಮನಸ್ಸು ಹೇಳುತ್ತಿದೆ. ಅದು ಸುಳ್ಳೆಂದು ತೋರಿಸಿಕೊಟ್ಟರೆ ನನಗಿಂತ ಸಂತೋಷಪಡುವವರಿಲ್ಲ. ಈ ಮೂರು ವರ್ಷಗಳಲ್ಲಿ ನಿರ್ದೇಶಕರೂ ಅವರ ಬಂಧುಗಳೂ ಎಷ್ಟು ಷೇರು ಕೊಂಡರೆಂದು ಇದೇ ಪತ್ರಿಕೆಯಲ್ಲಿ ಪ್ರಕಟಿಸಿ. ದಲ್ಲಾಳಿ ಮತ್ತೆ ಅತ್ತಿಗೆಯ ಜಗಲಿ ಹತ್ತುವ ಮೊದಲೇ ದಯವಿಟ್ಟು ಬರೆಯಿರಿ. ಬರೆಯದಿದ್ದರೆ, ಯಾರೂ ಮಾರಬೇಡಿರೆಂದು ಮನೆಮನೆಗೆ ಹೇಳಲು ಆಲೆಟ್ಟಿಯಿಂದ ಕಡಬದವರೆಗೆ ನಾನೇ ಹೊರಡುತ್ತೇನೆ. ನಿಮ್ಮ ಬಸ್ಸಿನಲ್ಲೇ, ಟಿಕೇಟು ತೆಗೆದೇ. ನಿಮ್ಮ ಲಾಭಕ್ಕೆ ಅದೂ ಸೇರಲಿ.

ಇಂತಿ,
ಕಾಗದದ ಮೇಲೆ ಮಾತ್ರ ನಿಮ್ಮ ಕಂಪೆನಿಯ ಒಡೆಯರಲ್ಲೊಬ್ಬನಾದ
ಬೋಜಪ್ಪ, ಆಲೆಟ್ಟಿ