ತೊಳೆಯದ ಚಕ್ರ

ಅಕ್ಕಾ,

ನೀನು ಕಳಿಸಿದ ಅವನ ರೇಸ್ ಬೈಕಿನ ಚಕ್ರ ಸೋಮವಾರವೇ ವರ್ಕ್‌ಶಾಪಿಗೆ ಬಂತು. “ಇದು ಬಿರುಕು ಬಿಟ್ಟು ನನ್ನ ಮಗ ಸತ್ತನಾ, ಇಲ್ಲಾ ಅವನೇ ಆಯ ತಪ್ಪಿ ಬಿದ್ದನಾ, ಅಷ್ಟು ಹೇಳು” ಎಂದು ಚೀಟಿ ಇಟ್ಟಿದ್ದೀಯ. ಕೇಳಬೇಕಾದದ್ದೇ. ಆ ಚಕ್ರ ಮಾಡಿಕೊಟ್ಟವನು ನಾನು.

“ಗುಡ್ಡ ಹತ್ತೋಕೆ ಭಾರ ಆಗತ್ತೆ ಮಾವ, ಇನ್ನೊಂದು ಕಾಲು ಕೆಜಿ ಇಳಿಸು” ಎಂದು ಅವನು ಬೆನ್ನು ಬಿದ್ದಿದ್ದ. ಚಕ್ರದ ದಪ್ಪ ಕಡ್ಡಿಗಳಲ್ಲಿ ತೂತು ಕೊರೆದು ತೂಕ ಇಳಿಸಿದೆ. ಆದರೂ ಗಟ್ಟಿಯಿದೆ ಎಂದೇ ನಂಬಿದ್ದೆ.

ಕೆಂಪು ಬಣ್ಣದ ದ್ರವ ಹಚ್ಚಿದರೆ ಕೂದಲೆಳೆಯಷ್ಟು ಬಿರುಕಿದ್ದರೂ ಎದ್ದು ಕಾಣುತ್ತದೆ. ಆದರೆ ಅದಕ್ಕೆ ಮೊದಲು ಚಕ್ರವನ್ನು ತೊಳೆಯಬೇಕು. ನಾಲ್ಕು ದಿನದಿಂದ ನನಗೆ ಕೈ ಬರುತ್ತಿಲ್ಲ.

ನಟ್ಟುಗಳ ಪಕ್ಕದ ಕೆಸರಿನಲ್ಲಿ ಅವನ ಹೆಬ್ಬೆರಳಿನ ಅಚ್ಚಿದೆ. ನನ್ನ ಲೇತ್ ಯಂತ್ರದ ಹತ್ತಿರ ಬೆರಳು ಕೊಯ್ದುಕೊಂಡಿದ್ದನಲ್ಲ, ಆ ಗಾಯದ ಅಡ್ಡಗೆರೆ ಸಹಿತ ಮೂಡಿದೆ. ಅಂದು ಬಟ್ಟೆ ಸುತ್ತಿದವನು ನಾನೇ, ಮರೆಯುವುದುಂಟೇ? ರೇಸಿನ ಕೊನೆಯ ಸುತ್ತಿಗೆ ಮುಂಚೆ ಇಳಿದು ಚಕ್ರ ಮುಟ್ಟಿ ನೋಡಿದನಂತೆ, ಯಾಕೋ.

ತೊಳೆದರೆ ನಿನಗೆ ಉತ್ತರ ಸಿಗುತ್ತದೆ, ಆ ಬೆರಳು ಹೋಗುತ್ತದೆ. ತಪ್ಪು ಮುಚ್ಚಿಕೊಳ್ಳಲು ಹೀಗೆ ಬರೆದಿದ್ದಾನೆ ಎನ್ನಿಸಿದರೆ ನೀನೇ ಬಾ, ಎದುರು ನಿಂತು ತೊಳೆಸು. ಸದ್ಯಕ್ಕೆ ಅದರ ಮೇಲೆ ಬುಟ್ಟಿ ಕವುಚಿ, ಆ ಮೂಲೆ ಗುಡಿಸಬೇಡಿ ಎಂದು ಎಲ್ಲರಿಗೂ ಹೇಳಿದ್ದೇನೆ.

ಯಾವುದು ಬೇಕೋ ಬೇಗ ತಿಳಿಸು ಅಕ್ಕಾ. ಕೆಸರು ಒಣಗಿದೆ. ದಿನಾ ಒಂದಿಷ್ಟು ಉದುರುತ್ತಿದೆ.

ನಿನ್ನ ತಮ್ಮ