ಬದುವಿನಾಚೆಯ ಬದನೆಕಾಯಿ

ಕುರುಗೋಡು
೧೬ ಅಕ್ಟೋಬರ್ ೨೦೨೪, ಬುಧವಾರ

ಪ್ರೀತಿಯ ಗುರುಬಸಕ್ಕಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ಮೆಟ್ಟಿಲು ಹತ್ತಬೇಡವೆಂದು ಡಾಕ್ಟರು ಹೇಳಿದ ಮೇಲೂ ನೀನು ಮಾಳಿಗೆ ಹತ್ತಿ ಸಂಡಿಗೆ ಒಣಗಿಸುತ್ತೀಯಂತೆ. ನಿನ್ನ ಮಗಳೇ ಹೇಳಿದಳು, ಸಿಕ್ಕಿಬಿದ್ದೆ ನೋಡು. ಭಾವನವರು ಈಗ ಪೂರ್ತಿ ಹುಷಾರಾದರೇ? ಕಣ್ಣಿನ ಹಳದಿ ಹೋಯಿತೇ, ಬಾಯಿಗೆ ರುಚಿ ಬಂತೇ? ಕಂಟೋನ್ಮೆಂಟಿನ ಕಡೆ ನಲ್ಲಿ ನೀರು ಸರಿಯಾಗಿ ಬಿಡುತ್ತಿದ್ದಾರೋ ಇಲ್ಲವೋ? ನಾವೆಲ್ಲ ಇಲ್ಲಿ ಆರಾಮ. ಸಿರುಗುಪ್ಪಕ್ಕೆ ಫೋನ್ ಮಾಡಿದ್ದೆ, ಅವ್ವನೂ ಗಟ್ಟಿಯಾಗಿದ್ದಾಳೆ. ಭತ್ತ ತೆನೆ ಬಿಟ್ಟಿದೆ, ಗಿಳಿ ಓಡಿಸಿ ಓಡಿಸಿ ಗಂಟಲು ಕಟ್ಟಿದೆ ಎಂದು ಬೈದುಕೊಂಡಳು.

ಕೈಯಲ್ಲಿ ಫೋನ್ ಇಟ್ಟುಕೊಂಡು ಇವಳೇನು ಕಾಗದ ಬರೆಯುತ್ತಾಳೆ ಎಂದು ನಗಬೇಡ. ನೀನು ಫೋನನ್ನು ಸ್ಪೀಕರಿಗೆ ಹಾಕಿ ರೊಟ್ಟಿ ಬಡಿಯುವವಳು. ಪಕ್ಕದಲ್ಲೇ ನಿಮ್ಮ ಅತ್ತೆ ಕಿವಿ ಅಗಲಿಸಿಕೊಂಡು ಕೂತಿರುತ್ತಾರೆ. ನಾನು ಹೇಳಬೇಕಾದದ್ದು ಅವರ ಕಿವಿಗೆ ಬಿದ್ದರೆ ಬದುಕಿರುವವರೆಗೂ ಆಡಿಕೊಳ್ಳಲು ಅವರಿಗೆ ಅಷ್ಟೇ ಸಾಕು. ಹಬ್ಬವಾದ ಮೇಲೆ ನಿನಗೆ ಫೋನ್ ಹಚ್ಚಿದ್ದೆನಲ್ಲ, ಊಟ ಆಯಿತೇ ಎಂದು ಕೇಳಿ ಇಟ್ಟುಬಿಟ್ಟೆ. ಬಾಯಿಬಡುಕಿ ಸುನಂದಾಳಿಗೆ ಮಾತೇ ಬರಲಿಲ್ಲ, ಏನಂತೀ! ಇವತ್ತು ಮಧ್ಯಾಹ್ನ ನಮ್ಮ ಕಾಯಿ ಹೇರಿಕೊಂಡು ಹೋಗುವ ಲಗೇಜ್ ಆಟೋದ ಮಾರೇಶ ಬಳ್ಳಾರಿಗೆ ಬರುತ್ತಾನೆ. ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ. "ಅಕ್ಕನ ಕೈಯಾಗ ಕೊಡು, ಬ್ಯಾರೆ ಯಾರಿಗೂ ಕೊಡಬ್ಯಾಡ" ಎಂದು ಹೇಳಿದ್ದೇನೆ. ನಿನ್ನ ನಂಬಿಕೆ ಕೆಡಿಸುವಂಥ ಕೆಲಸ ಮಾಡಿದ್ದೇನೆ ಅಕ್ಕಾ. ಅದರಲ್ಲಿ ಭಾವನವರ ಆರೋಗ್ಯದ ಮಾತೂ ಇದೆ. ಇದನ್ನು ಓದಿದ ಮೇಲೆ ನೀನು ನನ್ನ ಮನೆಯ ಹೊಸ್ತಿಲು ತುಳಿಯುತ್ತೀಯೋ ಇಲ್ಲವೋ ಎಂದು ಹೆದರಿಕೊಂಡೇ ಬರೆಯುತ್ತಿದ್ದೇನೆ.

ಮೊದಲು ನಿನ್ನ ಮಗಳ ಸುದ್ದಿ ಹೇಳಿಬಿಡುತ್ತೇನೆ, ಅದನ್ನು ಬರೆಯುವಾಗಲಾದರೂ ಮನಸ್ಸು ಸ್ವಲ್ಪ ಹಗುರಾಗುತ್ತದೆ. ದಸರಾ ರಜೆಗೆ ಬಂದ ದಿನದಿಂದ ಬನ್ನಿ ಹಬ್ಬದವರೆಗೆ ಸೌಂದರ್ಯ ಮನೆಯೊಳಗೆ ಕಾಲಿಟ್ಟದ್ದು ಉಣ್ಣಲು, ಮಲಗಲು ಮಾತ್ರ. ಎದ್ದವಳೇ ಮುಖ ಕೂಡ ತೊಳೆಯದೆ ಹಿತ್ತಲಿಗೆ ಓಟ. ಅವಳ ಹಿಂದೆ ನಮ್ಮ ಗವಿಸಿದ್ದೇಶ್, ಅವನ ಹಿಂದೆ ಚಡ್ಡಿ ಜಾರಿಸಿಕೊಂಡು ಪುಟ್ಟಿ ಪಂಪಾವತಿ. ಗವಿ ಶಾಲೆಯಲ್ಲಿ ಎರಡನೇ ಕ್ಲಾಸು, ಆದರೆ ಹಿತ್ತಲಲ್ಲಿ ಅವನೇ ಹೆಡ್‌ಮಾಸ್ತರು. ಇದು ಚವಳಿಕಾಯಿ, ಇದು ಪುಂಡಿಪಲ್ಯ, ಇದರ ಹೂವು ಕೀಳಬ್ಯಾಡ ಕಾಯಿ ಆಗತೈತಿ ಎಂದು ಸೌಂದರ್ಯಳಿಗೆ ಪಾಠ ಮಾಡಿದ್ದೇ ಮಾಡಿದ್ದು. ಅವನು ಮೂಲಂಗಿ ಎಳೆದು ತೋರಿಸಿದಾಗ ನಿನ್ನ ಮಗಳು ಬಿಟ್ಟ ಬಾಯಿ ಬಿಟ್ಟಂತೆ ನಿಂತಳು. "ಮೂಲಂಗಿ ಮಣ್ಣೊಳಗ ಇರತೈತೇನು ಚಿಕ್ಕಮ್ಮ? ನಾ ಗಿಡಕ್ಕ ಜೋತಾಡತೈತಿ ಅಂದ್ಕೊಂಡಿದ್ದೆ" ಎಂದಳು! ಆಮೇಲೆ ಕೇಳಬೇಡ. ಬೋರಿನ ಪೈಪಿಗೆ ಹಿಡಿದು ತೊಳೆಯುವುದು, ಉಪ್ಪು ಖಾರ ಹಚ್ಚಿಕೊಂಡು ಕರಕರ ಕಡಿಯುವುದು, ಖಾರ ಹತ್ತಿ ನಾಲಗೆ ಚಾಚಿಕೊಂಡು ಕುಣಿಯುವುದು. ನಿಮ್ಮ ಮನೆಯಲ್ಲಿ ಪಲ್ಯ ಕಂಡರೆ ಮೂಗು ಮುರಿಯುವವಳು ಇಲ್ಲಿ ಪುಂಡಿಪಲ್ಯಕ್ಕೆ ಇನ್ನೊಂದು ರೊಟ್ಟಿ ಕೇಳಿದಳು. ಚಪ್ಪರದಿಂದ ಇಳಿಬಿದ್ದ ಹೀರೇಕಾಯಿ ರಾತ್ರಿ ಎಷ್ಟು ಬೆಳೆಯಿತೆಂದು ದಿನಾ ಬೆಳಗ್ಗೆ ಗೇಣು ಹಾಕಿ ನೋಡುತ್ತಿದ್ದಳು. ಪಂಪಿಯಂತೂ ಹಣ್ಣಾಗದ ಟೊಮೆಟೊ ಕಿತ್ತು ಕಚ್ಚಿ, ಹುಳಿಯಾಗಿದೆ ಎಂದು ಮುಖ ಕಿವುಚಿ, ಬೈದೇನೆಂದು ಹೆದರಿ ಅದನ್ನು ಮತ್ತೆ ಗಿಡಕ್ಕೆ ಅಂಟಿಸಲು ನೋಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ.

ನಮ್ಮ ಹಿತ್ತಲು ನಿನಗೆ ಗೊತ್ತಿದೆ. ಹಿಂಬಾಗಿಲಿನಿಂದ ಬದುವಿನವರೆಗೆ ಬೆಳೆಯುವುದು ಮನೆಗೆ. ಬದು ದಾಟಿದರೆ ಮಾರಾಟಕ್ಕೆ ಹಾಕಿದ ಬದನೆ, ಮೆಣಸಿನಕಾಯಿ. ಬದುವಿನ ಈಚೆ ಸಗಣಿ ಗೊಬ್ಬರ, ಒಲೆಯ ಬೂದಿ ಬಿಟ್ಟರೆ ಏನೂ ಹಾಕುವುದಿಲ್ಲ. ಆಚೆಗೆ ಹುಳ ಬೀಳದಂತೆ ವಾರವಾರ ಔಷಧಿ ಹೊಡೆಯುತ್ತಾರೆ. ಹೊಡೆಯದಿದ್ದರೆ ಮಾರ್ಕೆಟ್ಟಿನವರು ಚೀಲ ಬಿಚ್ಚಿ ನೋಡಿ ಹಾಗೇ ವಾಪಸ್ ಕಳಿಸುತ್ತಾರೆ. ಈಚೆಯದು ತಿನ್ನಲು, ಆಚೆಯದು ಮಾರಲು. ನಮ್ಮ ಓಣಿಯಲ್ಲಿ ಕಾಯಿ ಬೆಳೆಯುವವರೆಲ್ಲ ಹೀಗೇ ಮಾಡುತ್ತಾರೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಕ್ಕಳಿಗೆ ಮಾತ್ರ ನಡೆಯಲು ಬಂದಾಗಿನಿಂದ ನಾನೇ ಹೇಳಿಕೊಟ್ಟಿದ್ದೇನೆ, "ಬದು ದಾಟಬ್ಯಾಡ್ರಿ, ಅಲ್ಲೀದು ಬಾಯಾಗ ಇಡಬ್ಯಾಡ್ರಿ" ಎಂದು.

ಆಷಾಢದಲ್ಲಿ ಭಾವನವರಿಗೆ ಕಾಮಾಲೆಯಾದಾಗ ನೀನು ಫೋನ್ ಮಾಡಿ, "ಸುನಂದಾ, ಔಷಧಿ ಹೊಡೀಲಾರದ ಕಾಯಿಪಲ್ಲೆ ತಿನ್ನಸ್ರಿ ಅಂದಾರ ಡಾಕ್ಟರು, ನಿನ್ನ ಹಿತ್ತಲದ್ದು ವಾರಕ್ಕೊಮ್ಮೆ ಕಳಸ್ತೀಯೇನು" ಎಂದು ಕೇಳಿದೆ. ಮೊದಲ ಚೀಲ ಬದುವಿನ ಈಚೆಯದ್ದೇ ಕಳಿಸಿದೆ ಅಕ್ಕಾ, ಆಣೆ ಮಾಡಿ ಹೇಳುತ್ತೇನೆ. ಆಗ ಈಚೆಗೂ ನಾಲ್ಕು ಬದನೆ ಗಿಡ ಇದ್ದವು. ಮಾರನೆಯ ದಿನ ನೀನು ನಗುತ್ತಾ ಫೋನ್ ಮಾಡಿದೆ. ಬದನೆಕಾಯಿ ಹೆಚ್ಚಿದರೆ ಒಳಗೆ ಹುಳ ಇತ್ತಂತೆ, ನಿಮ್ಮ ಅತ್ತೆ ತಟ್ಟೆ ಎತ್ತಿ ಮನೆಮಂದಿಗೆಲ್ಲ ತೋರಿಸಿ, "ಮಾರಾಕ ಬರಲಾರದ್ದನ್ನ ಬೀಗರ ಮನಿಗೆ ಸಾಗಹಾಕ್ಯಾಳೇನು ನಿನ್ನ ತಂಗಿ" ಎಂದರಂತೆ. ನೀನು ತಮಾಷೆಗೆ ಹೇಳಿದೆ. ನನಗೆ ಮೈಯೆಲ್ಲ ಉರಿದುಹೋಯಿತು. ಹುಳ ಬಿದ್ದಿದೆ ಎಂದರೆ ಔಷಧಿ ಬಿದ್ದಿಲ್ಲ ಎಂದು ಅರ್ಥ, ಅಷ್ಟು ತಿಳಿಯುವುದಿಲ್ಲವೇ ಆ ಹಿರಿಯರಿಗೆ ಎಂದು ಪಾತ್ರೆ ಕುಕ್ಕಿದೆ. ಅದನ್ನು ನಿನಗೆ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಮುಂದಿನ ಸಲ ಬದು ದಾಟಿ ಹೋಗಿ, ಮಿರಮಿರ ಮಿಂಚುವ ಗುಂಡು ಬದನೆಕಾಯಿಗಳನ್ನೇ ಆರಿಸಿ ಆರಿಸಿ ಕೊಯ್ದು ಚೀಲ ತುಂಬಿದೆ. ನೋಡ್ರಿ ಈಗ, ನಮ್ಮ ಕಾಯಿ ಹೆಂಗಿರತಾವು ಎಂದು ಒಬ್ಬಳೇ ಬೀಗಿದೆ.

ಆ ವಾರ ನಿಮ್ಮ ಅತ್ತೆಯೇ ಫೋನ್ ತೆಗೆದುಕೊಂಡು ಹೊಗಳಿದರು ನೋಡು, ಅದರ ರುಚಿ ಹತ್ತಿಬಿಟ್ಟಿತು. ಆಮೇಲೆ ಪ್ರತಿ ವಾರವೂ ಅವೇ ಬಂದವು. ತೊಳೆದರೆ ಹೋಗುತ್ತದೆ, ಬೇಯಿಸಿದರೆ ಹೋಗುತ್ತದೆ, ಊರೆಲ್ಲ ತಿನ್ನುವುದೇ ಅದನ್ನು ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಮಕ್ಕಳಿಗೆ ಬಡಿಸುವಾಗ ಮಾತ್ರ ಈ ಸಮಾಧಾನ ಯಾಕೆ ನೆನಪಾಗಲಿಲ್ಲವೋ! ನೀನು ಪಾಪ, ನನ್ನ ತಂಗಿ ಹಿತ್ತಲದ್ದು ಎಂದು ಪಕ್ಕದ ಮನೆಯವರಿಗೂ ಹಂಚಿದೆ. ಭಾವ ಹುಷಾರಾಗಲು ತಡವಾಗುತ್ತಿದೆ ಎಂದು ನೀನು ಅತ್ತ ದಿನ ನಾನು ಫೋನಿನಲ್ಲಿ ಧೈರ್ಯ ಹೇಳಿದೆ. ಧೈರ್ಯ ಹೇಳಿ, ಫೋನ್ ಇಟ್ಟು, ಬುಟ್ಟಿ ಹಿಡಿದು ಮತ್ತೆ ಬದು ದಾಟಿದೆ. ಅದನ್ನು ನೆನೆಸಿಕೊಂಡರೆ ಈಗ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಎನಿಸುತ್ತದೆ. ಸಿರುಗುಪ್ಪದಲ್ಲಿ ಅವ್ವ ಬಳ್ಳಿಯ ಮೊದಲ ಕಾಯಿಯನ್ನು ಓಣಿಯ ಬಾಣಂತಿಗೋ ಜಡ್ಡಿನವರಿಗೋ ಕೊಟ್ಟ ಮೇಲೆಯೇ ನಮಗೆ ಅಡುಗೆ ಮಾಡುತ್ತಿದ್ದಳು. ನಾವಿಬ್ಬರೂ ಮುಖ ಊದಿಸಿಕೊಂಡು ಕೂರುತ್ತಿದ್ದೆವು. ಆ ಅವ್ವನ ಹೊಟ್ಟೆಯಲ್ಲಿ ಹುಟ್ಟಿದವಳು ನಾನು.

ಬನ್ನಿ ಹಬ್ಬದ ಮರುದಿನ ಇದೆಲ್ಲ ಹೊರಗೆ ಬಿತ್ತು. ಹಿಂದಿನ ದಿನ ಮೂವರೂ ಹೊಸ ಬಟ್ಟೆ ಹಾಕಿಕೊಂಡು ಓಣಿ ತುಂಬ ಬನ್ನಿ ಕೊಟ್ಟು ಬಂದಿದ್ದರು. ಉಳಿದ ಎಲೆಗಳನ್ನೇ ರೊಕ್ಕ ಮಾಡಿಕೊಂಡು ಹಿತ್ತಲಲ್ಲಿ ಕಾಯಿಪಲ್ಲೆ ಅಂಗಡಿಯ ಆಟ ಶುರುವಾಯಿತು. ತೆಂಗಿನ ಚಿಪ್ಪಿನ ತಕ್ಕಡಿ, ಸೌಂದರ್ಯ ಅಂಗಡಿಯವಳು, ಪಂಪಿ ಗಿರಾಕಿ. ಇದ್ದದ್ದು ನಾಲ್ಕು ಬೆಂಡೆಕಾಯಿ, ಕಚ್ಚಿದ ಟೊಮೆಟೊ. ಅಂಗಡಿಗೆ ದೊಡ್ಡ ಕಾಯಿ ಬೇಕೆಂದು ಸೌಂದರ್ಯ ಸುತ್ತ ನೋಡಿದವಳು ಬದುವಿನಾಚೆಯ ಬದನೆ ಕಂಡು ಚಪ್ಪಾಳೆ ತಟ್ಟಿದಳು. "ಏ ಗವಿ, ನಮ್ಮನಿಗೆ ಬರ್ತಾವಲ್ಲ, ಅವ ಇವು! ನಮ್ಮ ಬದನಿಕಾಯಿ!" ಎಂದು ಓಡಿದಳು. ಗವಿ ಹಿಂದಿನಿಂದ ಅವಳ ಫ್ರಾಕು ಹಿಡಿದು ಎಳೆದ. "ಮುಟ್ಟಬ್ಯಾಡ, ಹುಳದ ಎಣ್ಣಿ ಹೊಡದಾರ. ಅವು ತಿನ್ನಾಕಲ್ಲ" ಎಂದ. ಇವಳು ಬಿಡುತ್ತಾಳೆಯೇ? "ಸುಳ್ಳ ಹೇಳಬ್ಯಾಡ, ವಾರವಾರ ನಮ್ಮಪ್ಪ ಅವನ್ನ ತಿಂತಾನ" ಎಂದಳು. ಗವಿ ಲೆಕ್ಕ ಬಿಡಿಸಿದವನ ಹಾಗೆ, "ಹಂಗಾದ್ರ ಅವು ನಿಮಗ, ಇವು ನಮಗ" ಎಂದ.

ನಾನು ಪಾತ್ರೆ ತಿಕ್ಕುತ್ತಾ ಎಲ್ಲವನ್ನೂ ಕೇಳಿಸಿಕೊಂಡೆ. ಎದ್ದು ಹೋದವಳೇ ಸೋಪಿನ ಕೈಯಲ್ಲೇ ಗವಿಯ ಕೆನ್ನೆಗೆ ಬಾರಿಸಿದೆ. "ಸುಳ್ಳ ಹೇಳ್ತೀ ಏನಲೇ" ಎಂದೆ. ಖರೆ ಹೇಳಿದ ಮಗುವಿಗೆ ಸುಳ್ಳ ಎಂದೆ ಅಕ್ಕಾ. ಅವನು ಕೂಡಲೇ ಅಳಲಿಲ್ಲ. ಕೆನ್ನೆ ಹಿಡಿದುಕೊಂಡು, "ನೀನ ಹೇಳಿದ್ದಿ ಅಲ್ಲೇನವ್ವ?" ಎಂದು ನನ್ನನ್ನೇ ನೋಡಿದ. ಆಮೇಲೆ ಅತ್ತ. ಈಗ ತಟ್ಟೆಗೆ ಏನು ಹಾಕಿದರೂ "ಇದು ಖರೇನ ನಮ್ಮದೇನವ್ವ" ಎಂದು ಕೇಳಿಯೇ ಬಾಯಿಗಿಡುತ್ತಾನೆ.

ಸಂಜೆ ನಮ್ಮವರಿಗೆ ಹೇಳಿದೆ. ಅವರು ಇಷ್ಟು ದಿನ ಹಿತ್ತಲದ್ದೇ ಹೋಗುತ್ತಿದೆ ಎಂದುಕೊಂಡಿದ್ದರು. "ಜಡ್ಡಿನ ಮನಷ್ಯಾಗ ಅದನ್ನ ಕೊಟ್ಟೇನು?" ಎಂದರು. ನಾನು ಸುಮ್ಮನಿರಬೇಕಿತ್ತು, ನನ್ನ ನಾಲಗೆ ಗೊತ್ತಲ್ಲ. ಮಾರ್ಕೆಟ್ಟಿನಲ್ಲಿ ಕೊಂಡು ತಿನ್ನುವವರ ಮನೆಯಲ್ಲಿ ಜಡ್ಡಿನವರು ಇರುವುದಿಲ್ಲವೇನು ಎಂದು ಕೇಳಿಬಿಟ್ಟೆ. ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. 

ಅಕ್ಕಾ, ಕಳೆದ ವಾರದ್ದು ಏನಾದರೂ ಉಳಿದಿದ್ದರೆ ಬಿಸಾಡು. ಭಾವನವರನ್ನು ಇನ್ನೊಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಏನು ತಿನ್ನುತ್ತಿದ್ದರು ಎಂಬುದನ್ನು ಮುಚ್ಚದೆ ಹೇಳು. ಮಾರೇಶನ ಕೈಯಲ್ಲಿ ಇವತ್ತು ಕಳಿಸಿರುವುದು ಒಂದು ಹಿಡಿ ಚವಳಿಕಾಯಿ, ಒಂದು ಸಿವುಡು ಪುಂಡಿಪಲ್ಯ, ಅಷ್ಟೇ. ಬದುವಿನ ಈಚೆ ಇವತ್ತು ಕೊಯ್ಯಲು ಬಂದದ್ದು ಅಷ್ಟೇ. ನಂಬಿಕೆ ಬಂದರೆ ಅಡುಗೆ ಮಾಡು, ಬಾರದಿದ್ದರೆ ದನಕ್ಕೆ ಹಾಕು, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನನ್ನು ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕ್ಷಮಿಸು.

ಭಾವನವರಿಗೆ ನನ್ನ ನಮಸ್ಕಾರ. ಅವರಿಗೆ ಹೇಳುವುದು ಬಿಡುವುದು ನಿನಗೆ ಸೇರಿದ್ದು. ಅತ್ತೆಯವರ ಪಾದಕ್ಕೂ ನಮಸ್ಕಾರ, ಇನ್ನು ಮುಂದೆ ಅವರು ಏನೆಂದರೂ ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತೇನೆ. ಕೋಪ ಬಂದರೆ ಫೋನ್ ಮಾಡಿ ಬೈ, ಸ್ಪೀಕರಿಗೆ ಹಾಕಿದರೂ ಸರಿ. ದೊಡ್ಡಬಸವೇಶ್ವರ ನಿಮ್ಮೆಲ್ಲರನ್ನೂ ಗಟ್ಟಿಯಾಗಿಟ್ಟಿರಲಿ.

ನಿನ್ನ ತಂಗಿ,
ಸುನಂದಾ

ತಾ.ಕ.: ಮಾರೇಶ ಬಂದು ಹಾರ್ನ್ ಹೊಡೆಯುತ್ತಿದ್ದಾನೆ. ಹೇಳಲೇಬೇಕಾದದ್ದನ್ನೇ ಬರೆದಿಲ್ಲ, ಕೈ ಬರಲಿಲ್ಲ. ಅವತ್ತು ಗವಿಗೆ ಹೊಡೆದು ನಾನು ಅಡುಗೆಮನೆಗೆ ಹೋಗಿ ಅಳುತ್ತಿದ್ದಾಗ ಸೌಂದರ್ಯ ಹಿಂದೆಯೇ ಬಂದು ಸೆರಗು ಹಿಡಿದಳು. "ಅಳಬ್ಯಾಡ ಚಿಕ್ಕಮ್ಮ, ನಮ್ಮಮ್ಮ ಕಾಯಿ ಬಾಳ ಸಲ ತೊಳೀತಾಳ, ಏನೂ ಆಗಂಗಿಲ್ಲ. ನಾ ಅಮ್ಮಗ ಹೇಳಂಗಿಲ್ಲ" ಎಂದಳು. ನಾನೇನು ಮಾಡಿದೆ ಗೊತ್ತೇ? ಅವಳ ತಲೆ ಸವರಿ, "ಜಾಣಿ" ಎಂದು ಕೈಗೆ ಬೆಲ್ಲದ ಚೂರು ಇಟ್ಟೆ. ಅಂದಿನಿಂದ ಅವಳು ಹಿತ್ತಲಿಗೆ ಹೋಗಿಲ್ಲ. ನಿನ್ನ ಫೋನ್ ಬಂದರೆ ಕಕ್ಕಸಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ. ಭಾನುವಾರ ಅಲ್ಲಿಗೆ ಬರುತ್ತಾಳೆ, ಹೇಗಿತ್ತು ರಜೆ ಎಂದು ನೀನು ಕೇಳುತ್ತೀಯ, ಅವಳು ನನಗೋಸ್ಕರ ನಿನ್ನ ಮುಖ ನೋಡಿ ಸುಳ್ಳು ಹೇಳುತ್ತಾಳೆ. ಅವಳು ಸುಳ್ಳು ಹೇಳುವಂತಾಗಲು ಬಿಡಬೇಡ ಅಕ್ಕಾ. ಏನೂ ಕೇಳಬೇಡ. ಬಾಗಿಲಲ್ಲೇ, ಅವಳು ಚಪ್ಪಲಿ ಬಿಡುವ ಮೊದಲೇ, "ಚಿಕ್ಕಮ್ಮ ನನಗ ಎಲ್ಲಾ ಹೇಳ್ಯಾಳ" ಎಂದುಬಿಡು.